ಹತ್ತು ಗಂಟೆಗೆ ಬಿಟ್ಟ ನೀರು

ಚಿಕ್ಕನರಗುಂದದ ಹತ್ತಿರ ಕಾಲುವೆಯ ಗೇಟು ನೋಡಿಕೊಳ್ಳುವವನು ನಾನು. ಮೂರು ವರ್ಷದ ಹಿಂದೆ ಒಂದು ದಿನ, ಹನ್ನೊಂದು ಗಂಟೆಗೆ ನೀರು ಬಿಡುತ್ತೇವೆಂದು ಊರಲ್ಲಿ ಡಂಗುರ ಸಾರಿಸಿದ್ದೆ. ಆದರೆ ಕೆಳಗಿನ ಹೊಲದವರು ಬೇಗ ಬಿಡಿರೆಂದು ಮೇಲಿಂದ ಮೇಲೆ ಫೋನು ಮಾಡಿದರು. ಕಾಲುವೆಯತ್ತ ಇಣುಕಿಯೂ ನೋಡದೆ ಹತ್ತಕ್ಕೇ ಬಿಟ್ಟೆ. ಒಳಗೆ ತಗ್ಗಿನಲ್ಲಿ ನಿಂತಿದ್ದ ನೀರಿನಲ್ಲಿ ಕೌದಿ ಒಗೆಯುತ್ತಿದ್ದ ರೇಣವ್ವ ಕೊಚ್ಚಿಹೋದಳು.

ಆಮೇಲಿಂದ ಪ್ರತಿ ಸಲ ನೀರು ಬಿಡುವ ಮುಂಚೆ ಒಣ ಕಾಲುವೆಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತದೆ. ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. ಇಳಿದು ಹೋಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಸುಡುವ ಬಿಸಿಲಿನಲ್ಲೂ ಅಲ್ಲಿ ಒಂದು ಕಲ್ಲು ಮಾತ್ರ ತಣ್ಣಗಿರುತ್ತದೆ. ಸದ್ದು ನಿಂತ ಮೇಲೆಯೇ ಗೇಟು ಎತ್ತುತ್ತೇನೆ.

ಹೋದ ತಿಂಗಳು ಮಧ್ಯಾಹ್ನವಾದರೂ ಸದ್ದು ನಿಲ್ಲಲಿಲ್ಲ. ರೇಣವ್ವನ ಮಗಳು ಪುಷ್ಪಾವತಿ ದಂಡೆಯ ಮೇಲೆ ಬಂದು ನಿಂತಳು. ತಾಯಿ ಹೋದ ಮೇಲೆ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

“ನೀರು ಯಾಕ ಬಿಟ್ಟಿಲ್ರಿ?”

“ಒಗಿಯೋ ಸಪ್ಪಳ ಕೇಳಾಕತ್ತೈತಿ, ತಂಗಿ. ನಿನಗ ಕೇಳತೈತೇನು?”

ಅವಳು ಕಾಲುವೆಯತ್ತ ಬಾಗಿ ಕಿವಿಗೊಟ್ಟಳು.

“ಇಲ್ರಿ. ನನಗ ಯಾವಾಗ ಬಂದ್ರೂ ಸಾಬೂನಿನ ವಾಸನಿ ಅಷ್ಟ ಬರತೈತಿ. ಇವತ್ತ ಭಾಳ ಐತಿ. ನಿಮಗ ಬರೂದಿಲ್ಲೇನು?”

ನಾನು ಉಸಿರೆಳೆದು ನೋಡಿದೆ. ಕಾದ ಮಣ್ಣಿನ ವಾಸನೆಯೊಂದೇ ಇತ್ತು.

ಆ ದಿನ ಗೇಟು ಎತ್ತಲಿಲ್ಲ. ಹೊತ್ತು ಮುಳುಗುವವರೆಗೂ ಇಬ್ಬರೂ ದಂಡೆಯ ಮೇಲೆ ಕೂತಿದ್ದೆವು. ಅವಳಿಗೆ ಬರುವ ಆ ವಾಸನೆ ನನಗೆ ಇವತ್ತಿನವರೆಗೂ ಬಂದಿಲ್ಲ.