ಸಹಿಯ ಡಾಂಗಲ್ ಕಳವಾದ ದಿನ

ಬೆಳಿಗ್ಗೆ ಹತ್ತೂವರೆಗೆ ದೂರು ಹಿಡಿದು ಠಾಣೆಗೆ ಬಂದವರು ಹವಾಮಾನ ಯೋಜನಾ ಕಚೇರಿಯ ನಿರ್ದೇಶಕರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಡಾಂಗಲ್ ಕಳುವಾಗಿದೆ. ಪೆನ್‌ಡ್ರೈವ್ ಥರ ಇರುತ್ತಲ್ಲ, ಸರ್ಕಾರದ ಪರವಾಗಿ ಕಂಪ್ಯೂಟರಿನಲ್ಲಿ ಸಹಿ ಹಾಕೋ ಡಾಂಗಲ್."

"ಹೊಸದು ತರಿಸಿ," ಎಂದರು ಇನ್‌ಸ್ಪೆಕ್ಟರ್.

"ಅದಕ್ಕೆ ವಾರ ಬೇಕು. ಸಂಜೆ ಐದಕ್ಕೆ ಅಂತಾರಾಷ್ಟ್ರೀಯ ಹವಾಮಾನ ನಿಧಿಗೆ ಅರ್ಜಿ ಹಾಕೋ ಗಡುವು ಮುಗಿಯುತ್ತೆ. ನದಿಗೆ ತಡೆಗೋಡೆ ಕಟ್ಟೋಕೆ ಅದೊಂದೇ ದಾರಿ. ಹೋದ ಪ್ರವಾಹದಲ್ಲಿ ಆಸ್ಪತ್ರೆಗೇ ನೀರು ನುಗ್ಗಿತ್ತು, ಮರೆತ್ರಾ?"

ಯಾರೂ ಮರೆತಿರಲಿಲ್ಲ. ಎಫ್‌ಐಆರ್ ದಾಖಲಿಸಿಕೊಂಡು ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೊರಟರು.

ಸ್ಥಳ ಪಂಚನಾಮೆ ನಡೆಯಿತು. ಡಾಂಗಲ್ ಇದ್ದ ಕಪಾಟಿನ ಬೀಗ ಒಡೆದಿರಲಿಲ್ಲ. ಬೀಗದಕೈ ಇಡುವ ಜಾಗ ಗೊತ್ತಿದ್ದದ್ದು ನಿರ್ದೇಶಕರಿಗೆ, ಎಂಜಿನಿಯರ್‌ಗೆ, ಅನುವಾದಕಿಗೆ. ಮೂವರ ಚೀಲಗಳಲ್ಲೂ ಏನೂ ಸಿಗಲಿಲ್ಲ.

"ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಳ್ತೀನಾ ಸರ್?" ಎಂಜಿನಿಯರ್ ಬೆವರು ಒರೆಸಿಕೊಂಡ. "ಗೋಡೆಯ ನಕ್ಷೆ ಮಾಡಿದ್ದೇ ನಾನು."

ಅನುವಾದಕಿಯ ಸರದಿ.

"ಕಪಾಟು ಮುಟ್ಟಿದ್ರಾ?"

"ಇಲ್ಲ."

"ಯಾರ ಮೇಲಾದರೂ ಅನುಮಾನ?"

"ಇಲ್ಲ."

ಮಧ್ಯಾಹ್ನವಾಯಿತು. ನಿರ್ದೇಶಕರು ನಿಂತಲ್ಲಿ ನಿಲ್ಲಲಾರದೆ ಬಾಗಿಲಿಗೂ ಗಡಿಯಾರಕ್ಕೂ ಓಡಾಡುತ್ತಿದ್ದರು. ಇನ್‌ಸ್ಪೆಕ್ಟರ್ ಕೂಡ ಆಗಾಗ ಗಡಿಯಾರ ನೋಡತೊಡಗಿದ್ದರು. ಅವರ ಮನೆಯೂ ನದಿಯ ಪಕ್ಕದಲ್ಲೇ ಇತ್ತು.

"ಗೋಡೆಗೆ ಯಾರ ವಿರೋಧವಾದರೂ ಇದೆಯಾ?" ಎಂದು ಕೇಳಿದರು.

"ಯಾರದ್ದೂ ಇಲ್ಲ. ಗೋಡೆಗೆ ಜಾಗ ಬೇಕಲ್ಲ, ತಗ್ಗಿನ ಬಡಾವಣೆಯವರು ಮನೆ ಬಿಡಬೇಕಾಗುತ್ತೆ. ಅವರೂ ಒಪ್ಪಿದಾರೆ, ನೋಡಿ," ಎಂದು ನಿರ್ದೇಶಕರು ಅರ್ಜಿಯ ಜೊತೆ ಕಳಿಸಲಿದ್ದ ಸಭೆಯ ವಿಡಿಯೊ ಹಾಕಿದರು.

ಪರದೆಯ ಮೇಲೆ ಒಬ್ಬ ಅಜ್ಜಿ ಕ್ಯಾಮೆರಾದ ಪಕ್ಕಕ್ಕೆ ನೋಡುತ್ತ ಅಂದಳು: "ಆಯ್ತು ಪುಟ್ಟಿ, ನೋಡೋಣ." ಕೆಳಗೆ ಇಂಗ್ಲಿಷಿನಲ್ಲಿ, ತಮ್ಮ ಒಪ್ಪಿಗೆ ಇದೆ ಎಂಬ ಸಾಲು.

ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. "ಇದು ಒಪ್ಪಿಗೆಯಾ ಸರ್? ಬಳೆ ಕೇಳಿದಾಗೆಲ್ಲ ನಮ್ಮೆಜಮಾನ್ರು ಹೀಗೇ ಅಂತಾರೆ. ಮದುವೆಯಾದಾಗಿಂದ ನೋಡ್ತಾನೇ ಇದಾರೆ."

ಇನ್‌ಸ್ಪೆಕ್ಟರ್ ನಗಲಿಲ್ಲ. "ಪುಟ್ಟಿ ಅಂದ್ರೆ ಯಾರು?"

"ನಮ್ಮ ಅನುವಾದಕಿ. ಆ ಅಜ್ಜಿ ಅವಳ ದೊಡ್ಡಮ್ಮ."

ಅನುವಾದಕಿಯನ್ನು ಮತ್ತೆ ಕರೆಸಿದರು.

"'ನೋಡೋಣ' ಅಂದ್ರೆ ಒಪ್ಪಿಗೆನಾ?"

ಅವಳು ಕುಸಿದು ಕೂತಳು. "ಅಲ್ಲ ಸರ್. ಅದನ್ನ ಇಂಗ್ಲಿಷಿನಲ್ಲಿ ಹೇಗೆ ಬರೀಲಿ ಅಂತ ಸಾಹೇಬರನ್ನ ಕೇಳ್ದೆ. ಆಯ್ತು ಅಂದಿದಾರಲ್ಲ, ಅಷ್ಟು ಸಾಕು ಅಂದ್ರು. ಬರೆದೆ. ಎಲ್ಲರ ಮಾತನ್ನೂ ಹಾಗೇ ಬರೆದೆ. ಆಮೇಲೆ ನಿದ್ದೆ ಬರ್ಲಿಲ್ಲ. ತಿದ್ದೋಣ ಅಂತ ಗೋಗರೆದೆ. ಟೈಮಿಲ್ಲ ಅಂದ್ರು."

"ನಿಮಗೆ ಗೋಡೆ ಬೇಡ್ವಾ?"

"ಬೇಕು ಸರ್! ದೊಡ್ಡಮ್ಮ ನನ್ನನ್ನ ಸಾಕಿದ ಮನೆಗೂ ನೀರು ನುಗ್ಗಿತ್ತು. ಆದ್ರೆ ಅವರ ಬಾಯಲ್ಲಿ ಬರದ ಮಾತನ್ನ ನಾನು ಬರೆದುಬಿಟ್ಟೆ."

ಅವಳು ತೋರಿಸಿದ ಕಡೆ, ಕಚೇರಿಯ ಗೋಡೆಗೆ ತೂಗುಹಾಕಿದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಹತ್ತಿಯ ಕೆಳಗೆ ಡಾಂಗಲ್ ಸಿಕ್ಕಿತು. ನಿರ್ದೇಶಕರು ಕೈಚಾಚಿದರು. ಜಪ್ತಿಯಾದ ಮಾಲನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೊಡುವಂತಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದಾಗ ಅವರಿಗೆ ಅಳುವೇ ಬಂತು. ಪಂಚನಾಮೆ ಮುಗಿಸಿ, ಎದ್ದೆನೋ ಬಿದ್ದೆನೋ ಎಂದು ನ್ಯಾಯಾಲಯಕ್ಕೆ ಓಡಿ, ಬಿಡುಗಡೆಯ ಆದೇಶ ತಂದದ್ದಾಯಿತು. ಐದಕ್ಕೆ ಇನ್ನೇನು ಸ್ವಲ್ಪ ಇರುವಾಗ ಅರ್ಜಿ ಹೋಯಿತು. ಕಚೇರಿಯಲ್ಲಿ ಚಪ್ಪಾಳೆ.

ಬಂಧಿತ ಅನುವಾದಕಿ ಜೀಪಿನಲ್ಲಿ ಕೇಳಿದ್ದು ಒಂದೇ ಮಾತು: "ಆ ಸಾಲು ತಿದ್ದಿದ್ರಾ ಸರ್?"

ತಿದ್ದಿರಲಿಲ್ಲ.

ಠಾಣೆಗೆ ಬಂದ ಮೇಲೆ, ತಾನೇ ಮಾಡಿದ ತಪ್ಪು ಅನುವಾದ ಹೋಗದಂತೆ ತಡೆಯುವುದೇ ಆರೋಪಿಯ ಉದ್ದೇಶವಾಗಿತ್ತು ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು. ಬಂಧನದ ಸುದ್ದಿಯನ್ನು ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ. ಫೋನ್ ಮಾಡಿದರು. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಇನ್ನೊಂದ್ಸಲ ಬಂದು ಕೇಳಿದ್ರೆ ಹೂಂ ಅಂತಿದ್ದೆ ಕಣಪ್ಪ," ಎಂದಳು. "ಯಾರೂ ಬರ್ಲೇ ಇಲ್ಲ."