ಮಧ್ಯಾಹ್ನದ ಹಸಿರು ಬಾವುಟ

ದಂತವೈದ್ಯರ ದೇಹವನ್ನು ಅಲೆಗಳೇ ದಡಕ್ಕೆ ತಂದು ಹಾಕಿದವು.

ಊಟದ ಹೊತ್ತು. ರೆಸಾರ್ಟಿನ ಅತಿಥಿಗಳೆಲ್ಲ ತಟ್ಟೆ ಬಿಟ್ಟು ಮರಳಿನ ಕಡೆ ಓಡಿದರು. ಎಲ್ಲರಿಗಿಂತ ಮೊದಲು ತಲುಪಿದವರು ಇನ್ಸ್‌ಪೆಕ್ಟರಮ್ಮ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಆದರೆ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಮಂಡಿಯೂರಿ ಕುಳಿತು ಕುತ್ತಿಗೆಯ ನಾಡಿ ಮುಟ್ಟಿ ನೋಡಿದರು. ಮುಗಿದಿತ್ತು.

ಸತ್ತವರ ಮಣಿಕಟ್ಟಿನಲ್ಲಿ ರೆಸಾರ್ಟಿನ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇತ್ತು. ಊಟ, ತಿಂಡಿ, ಪಾನೀಯ, ಆಟ, ಎಲ್ಲವೂ ಆ ಪಟ್ಟಿಯಲ್ಲೇ ಸೇರಿದೆ ಎಂದು ಬಂದ ದಿನ ನಗುನಗುತ್ತಾ ಕಟ್ಟಿದ್ದರು. ಸಾವು ಸೇರಿದೆ ಎಂದು ಯಾರೂ ಹೇಳಿರಲಿಲ್ಲ.

ಹಿಂದೆ ಗದ್ದಲ ಶುರುವಾಯಿತು. ಮ್ಯಾನೇಜರು ಲೈಫ್‌ಗಾರ್ಡ್‌ನ ರಟ್ಟೆ ಹಿಡಿದು ನಿಂತಿದ್ದರು.

ಆ ದ್ವೀಪದ ದಡದ ನಿಯಮ ಸರಳ. ಕಂಬದ ಮೇಲೆ ಹಸಿರು ಬಾವುಟವಿದ್ದರೆ ಸಮುದ್ರಕ್ಕೆ ಇಳಿಯಬಹುದು, ಕೆಂಪಿದ್ದರೆ ಇಳಿಯುವಂತಿಲ್ಲ. ಕೆಂಪು ಏರಿಸಿದ ಮೇಲೆ ನೀರಿನಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಲೈಫ್‌ಗಾರ್ಡ್ ಊಟಕ್ಕೆ ಹೋಗಬಹುದು. ಹಸಿರು ಬಾವುಟವನ್ನು ಮಾತ್ರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದಕ್ಕೆ ಒಂದೇ ಕೀಲಿಕೈ, ಅದು ಲೈಫ್‌ಗಾರ್ಡ್‌ನ ಕೊರಳಲ್ಲಿ.

"ಇನ್ನೇನು ಕೇಳೋದಿದೆ ಮೇಡಂ?" ಎಂದರು ಮ್ಯಾನೇಜರು. "ಹಸಿರು ಹಾರ್ತಿದ್ದದ್ದನ್ನ ಹತ್ತಾರು ಜನ ನೋಡಿದ್ದಾರೆ. ಕೀಲಿ ಇರೋದು ಇವನ ಹತ್ರ. ಹಸಿರು ಹಾಕಿ ಉಣ್ಣೋಕೆ ಹೋಗಿದ್ದಾನೆ. ಕೂಗು ಕೇಳಿದ ಕೂಡಲೇ ಓಡಿಬಂದು ಅದನ್ನ ಇಳಿಸಿ ಬಚ್ಚಿಟ್ಟಿದ್ದಾನೆ. ಸಂಜೆ ಪೊಲೀಸ್ ದೋಣಿ ಬರುತ್ತೆ, ಒಪ್ಪಿಸಿಬಿಡ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಲೈಫ್‌ಗಾರ್ಡ್‌ನ ಹೆಂಡತಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳಿಗೆ ತುಂಬು ತಿಂಗಳು. ಗಂಡ ಜೈಲಿಗೆ ಹೋದರೆ ಅವನ ಕೆಲಸದ ಜೊತೆಗೆ ಇವಳ ಕೆಲಸವೂ ಇರಲು ಕೊಟ್ಟ ಕೋಣೆಯೂ ಹೋಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

ಅವರು ಲೈಫ್‌ಗಾರ್ಡ್‌ನನ್ನು ಪಕ್ಕಕ್ಕೆ ಕರೆದರು.

"ಬೆಳಿಗ್ಗೆ ಯಾವ ಬಾವುಟ ಹಾಕಿದ್ದೆ?"

"ಕೆಂಪು ಅಮ್ಮ. ಮೂರು ದಿನದಿಂದ ಕೆಂಪೇ. ಒಳಸೆಳೆತ ಜಾಸ್ತಿ ಇದೆ."

"ಊಟದಿಂದ ವಾಪಸ್ ಬಂದಾಗ?"

"ಕೆಂಪು ಕಂಬದ ಬುಡದಲ್ಲಿ ಬಿದ್ದಿತ್ತು. ಮೇಲೆ ಏನೂ ಇರ್ಲಿಲ್ಲ."

"ಪೆಟ್ಟಿಗೆ?"

"ಬೀಗ ಹಾಕಿದ ಹಾಗೇ ಇತ್ತು. ಹಸಿರು ಒಳಗೇ ಇದೆ."

"ಹಾಗಾದ್ರೆ ಜನ ನೋಡಿದ್ದೇನು?"

"ಗೊತ್ತಿಲ್ಲ ಅಮ್ಮ. ನಾನು ಹೇಳ್ತಿರೋದು ನಂಗೇ ನಂಬೋ ಹಾಗಿಲ್ಲ."

ಸುಳ್ಳು ಹೇಳುವವನು ಇದಕ್ಕಿಂತ ಚೆನ್ನಾದ ಸುಳ್ಳು ಹೇಳುತ್ತಾನೆ ಎಂದುಕೊಂಡರು ಇನ್ಸ್‌ಪೆಕ್ಟರಮ್ಮ.

ಹಸಿರು ಬೇಕಾಗಿದ್ದವರು ಇನ್ನೂ ಇದ್ದರು. ಕೆಂಪು ಹಾರಿದಷ್ಟು ದಿನವೂ ಮ್ಯಾನೇಜರಿಗೆ ಅತಿಥಿಗಳ ಬೈಗುಳ ತಪ್ಪಿದ್ದಲ್ಲ. ಆದರೆ ಊಟದ ಹೊತ್ತು ಪೂರ್ತಿ ಅವರು ಮೇಜಿನಿಂದ ಮೇಜಿಗೆ ಹಲ್ಲು ಗಿಂಜುತ್ತಾ ತಿರುಗುತ್ತಿದ್ದುದನ್ನು ಇನ್ಸ್‌ಪೆಕ್ಟರಮ್ಮನೇ ಕಂಡಿದ್ದರು. ಮೋಟಾರು ದೋಣಿಯಲ್ಲಿ ಜನರನ್ನು ಸುತ್ತಾಡಿಸುವವನಿಗೂ ಕೆಂಪು ಎಂದರೆ ಹೊಟ್ಟೆಯ ಮೇಲೆ ಕಲ್ಲು. ಆದರೆ ಅವನ ದೋಣಿ ಹೊದಿಕೆಯೊಳಗೇ ಇತ್ತು. ಗಿರಾಕಿಗಾಗಿ ಬಾವುಟ ಬದಲಿಸುವವನು ಮೊದಲು ದೋಣಿಯನ್ನು ನೀರಿಗೆ ಇಳಿಸುತ್ತಾನೆ.

ದಂತವೈದ್ಯರ ಹೆಂಡತಿ ತಾಳೆಗರಿಯ ಚಪ್ಪರದ ಕೆಳಗೆ ಕೂತಿದ್ದರು. ಗಂಡನ ಚಪ್ಪಲಿಗಳು ಅವರ ಮಡಿಲಲ್ಲಿದ್ದವು. ಕೇಳುವ ಮೊದಲೇ ಮಾತಾಡಿದರು.

"ರಸ್ತೆ ದಾಟೋಕೂ ಎರಡೆರಡು ಸಲ ನೋಡೋರು ಇವ್ರು. ಮೂರು ದಿನ ಕಾಲು ಕೂಡ ನೆನೆಸಿರ್ಲಿಲ್ಲ. ಇವತ್ತು ಹಸಿರು ನೋಡಿ, ನೀನೂ ನೋಡು ಅಂತ ನಂಗೂ ತೋರಿಸಿ ಇಳಿದ್ರು. ಅವರದ್ದೇ ತಪ್ಪು ಅಂತ ಮಾತ್ರ ಯಾರೂ ಅನ್ನಬೇಡಿ."

ಫೋನಿನಲ್ಲಿ ಕೊನೆಯ ಫೋಟೋ ತೋರಿಸಿದರು. ನೀರಿಗೆ ಇಳಿಯುವ ಮುನ್ನ ತೆಗೆದದ್ದು. ದಂತವೈದ್ಯರು ಟೋಪಿ ಹಾರಿಹೋಗದಂತೆ ಅದನ್ನು ತಲೆಗೆ ಒತ್ತಿ ಹಿಡಿದು ಮಗುವಿನ ಹಾಗೆ ನಗುತ್ತಿದ್ದಾರೆ. ಹಿಂದೆ ಕಂಬ, ಕಂಬದ ಮೇಲೆ ಹಸಿರು. ಇನ್ಸ್‌ಪೆಕ್ಟರಮ್ಮ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಆ ಫೋನನ್ನು ಸಂಜೆಯವರೆಗೆ ಕೊಡುತ್ತೀರಾ ಎಂದು ಕೇಳಿದರು.

ಅಲ್ಲಿಂದ, ತಮ್ಮ ಜೊತೆ ರಜೆಗೆ ಬಂದಿದ್ದ ಮಗಳ ಕೋಣೆಗೆ ಹೋದರು. ಮೊಮ್ಮಗಳು ಪುಟ್ಟಿ ನಿದ್ದೆಯಲ್ಲಿದ್ದಳು. ಅಳಿಯ ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತಿದ್ದ. ಅವನ ಅಂಗಿ ಮುದುಡಿ ಒದ್ದೆಯಾಗಿತ್ತು.

"ನಾನೂ ಹಸಿರೇ ನೋಡಿದ್ದು ಅಮ್ಮ" ಎಂದಳು ಮಗಳು. "ಕೆಂಪಿದ್ರೆ ಕಾಲೂ ನೆನೆಸಬಾರ್ದು ಅಂತ ಬಂದ ದಿನವೇ ನೀನು ಅಪ್ಪಣೆ ಮಾಡಿದ್ದೆ ಅಲ್ವಾ? ಪುಟ್ಟಿ ಎಷ್ಟು ಅತ್ತರೂ ಬಿಟ್ಟಿರ್ಲಿಲ್ಲ. ಇವತ್ತು ಇವ್ರೇ ಬಂದು, ಹಸಿರು ಹಾಕಿದ್ದಾರೆ ಬಾ ಅಂತ ಕರೆದ್ರು. ಮೊಣಕಾಲುದ್ದ ನೀರಲ್ಲಿ ಸ್ವಲ್ಪ ಹೊತ್ತು ಆಡಿಸಿದ್ವಿ. ಒರೆಸೋಕೆ ಏನೂ ಇಲ್ಲದೆ ಇವರ ಅಂಗೀಲೇ ಒರೆಸಿದ್ದಾಯ್ತು."

ಇನ್ಸ್‌ಪೆಕ್ಟರಮ್ಮ ಹೊರಗೆ ಬಂದು ಗೋಡೆಗೆ ಒರಗಿದರು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಎಲ್ಲರೂ ಮನೆಗೆ ಹೋಗಬಹುದು, ಮಗಳ ಸಂಸಾರ ಇದ್ದಂತೆಯೇ ಇರುತ್ತದೆ. ಲೈಫ್‌ಗಾರ್ಡ್ ಅವರಿಗೆ ಏನಾಗಬೇಕು? ಹಿಟ್ಟಿನ ಕೈಯ ಆ ಹೆಂಗಸು ಏನಾಗಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳನ್ನು ಇಡೀ ನೌಕರಿಯುದ್ದಕ್ಕೂ ಕಂಡು ಹೇಸಿದ್ದವರು ಅವರು. ಈಗ ಬೇಲಿಯ ಸಂಕಟ ಏನೆಂದು ಅವರಿಗೂ ತಿಳಿಯಿತು. ಆದರೂ ಕಣ್ಣು ಒರೆಸಿಕೊಂಡು ಮ್ಯಾನೇಜರ ಕೋಣೆಯ ಕಡೆ ನಡೆದರು.

ಸಂಜೆ ಅಲ್ಲಿ ಎಲ್ಲರೂ ಸೇರಿದರು: ಮ್ಯಾನೇಜರು, ಲೈಫ್‌ಗಾರ್ಡ್, ದಂತವೈದ್ಯರ ಹೆಂಡತಿ, ನಿದ್ದೆ ಹೋದ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡ ಮಗಳು, ಅವಳ ಪಕ್ಕದಲ್ಲಿ ಅಳಿಯ. ಇನ್ಸ್‌ಪೆಕ್ಟರಮ್ಮ ಫೋನನ್ನು ಮೇಜಿನ ಮೇಲಿಟ್ಟರು.

"ಎಲ್ಲರೂ ಬಣ್ಣ ನೋಡಿದ್ರಿ. ಗಾಳಿ ನೋಡ್ಲಿಲ್ಲ. ಇವರು ಟೋಪಿ ಹಿಡ್ಕೊಂಡಿದ್ದಾರೆ. ಹಿಂದೆ ಕೊಡೆ ಬಾಗಿದೆ. ತೆಂಗಿನ ಗರಿ ಎಲ್ಲಾ ಒಂದೇ ಕಡೆ ವಾಲಿದೆ. ಇಂಥ ಗಾಳೀಲಿ ಬಾವುಟ ಮಾತ್ರ ಯಾಕೆ ಜೋತುಬಿದ್ದಿದೆ?"

ಒದ್ದೆಯಾಗಿರಬಹುದು ಎಂದರು ಮ್ಯಾನೇಜರು.

"ಮಳೆ ಎಲ್ಲಿ ಬಂತು? ನಿಮ್ಮ ಬಾವುಟ ಗಾಳಿಪಟದಷ್ಟು ತೆಳು. ಒದ್ದೆಯಾದ್ರೂ ಹಾರುತ್ತೆ. ಇದು ದಪ್ಪ ಬಟ್ಟೆ. ನೀರು ಕುಡಿದು ಭಾರವಾಗಿರೋ ಬಟ್ಟೆ. ಇದು ಬಾವುಟ ಅಲ್ಲ. ಈಜುಕೊಳದ ಹಸಿರು ಟವೆಲ್."

ಬಂದ ದಿನದಿಂದ ಎಲ್ಲರ ಹೆಗಲ ಮೇಲೂ ಇದ್ದ ಟವೆಲ್ ಅದು. ದಿನವೂ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಗ್ಗಕ್ಕೆ ಕಟ್ಟಿ ಏರಿಸಲು ಯಾವ ಕೀಲಿಕೈಯೂ ಬೇಕಿರಲಿಲ್ಲ. ಕೂಗು ಎದ್ದಾಗ ಎಲ್ಲರ ಕಣ್ಣು ನೀರಿನ ಮೇಲೆ. ಇಳಿಸಿ ಒಗೆಯುವ ಬುಟ್ಟಿಗೆ ಎಸೆದರೆ ಮುಗಿಯಿತು.

ಲೈಫ್‌ಗಾರ್ಡ್ ಕೊರಳಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿದ. ಈಗ ಅವನ ಕಣ್ಣಲ್ಲಿ ನೀರು ಬಂತು.

ಇನ್ಸ್‌ಪೆಕ್ಟರಮ್ಮ ತಿರುಗಿದರು.

"ಅಳಿಯಂದ್ರೇ, ನಿಮ್ಮ ಟವೆಲ್ ಎಲ್ಲಿ?"

ಕೋಳಿ ಕೂಗುವ ಮೊದಲೇ ಎದ್ದು ಕೊಳದ ಬದಿಯ ಕುರ್ಚಿಗೆ ಟವೆಲ್ ಹಾಸಿ ಜಾಗ ಹಿಡಿಯುತ್ತಿದ್ದವನು. ಕಳೆದರೆ ದಂಡ ಎಂದು ಊಟಕ್ಕೂ ಅದನ್ನು ಶಲ್ಯದಂತೆ ಹೊದ್ದು ಬರುತ್ತಿದ್ದವನು. ಅತ್ತೆ ಅದಕ್ಕಾಗಿ ಎಷ್ಟು ಸಲ ಗೇಲಿ ಮಾಡಿದ್ದರೋ. ಅಂಥವನು ಇಂದು ಮಗುವಿನ ತಲೆಯನ್ನು ಅಂಗಿಯಲ್ಲಿ ಒರೆಸಿದ್ದ, ಟವೆಲ್ ಎಲ್ಲಿ ಎಂದು ಹುಡುಕಲೂ ಇಲ್ಲ.

"ಕೆಂಪಿದ್ರೆ ಇವಳು ಮಗೂನ ಬಿಡ್ತಿರ್ಲಿಲ್ಲ ಅತ್ತೆ" ಎಂದ ಅಳಿಯ. "ನಾಳೆ ಹೊರಡ್ತೀವಿ, ಸಮುದ್ರ ಮುಟ್ಟದೇ ಹೋಗ್ತೀನಾ ಅಂತ ಪುಟ್ಟಿ ಬೆಳಿಗ್ಗೆಯಿಂದ ಅಳ್ತಿದ್ಲು. ಎಲ್ಲಾ ಊಟಕ್ಕೆ ಹೋಗಿದ್ರು. ಸ್ವಲ್ಪ ಹೊತ್ತು ಅಷ್ಟೇ ಅಂದ್ಕೊಂಡೆ. ದಡದ ಆ ಕೊನೇಲಿ ಡಾಕ್ಟ್ರು ಇಳಿದದ್ದು ನಂಗೆ ಕಾಣಿಸ್ಲಿಲ್ಲ."

"ಇವನ್ನ ದೋಣಿಗೆ ಹತ್ತಿಸೋಕೆ ಹೊರಟಾಗ ಕಾಣಿಸ್ತಿತ್ತಲ್ಲ" ಎಂದರು ಇನ್ಸ್‌ಪೆಕ್ಟರಮ್ಮ, ಲೈಫ್‌ಗಾರ್ಡ್‌ನ ಕಡೆ ಕೈ ತೋರಿಸಿ. "ಅದಕ್ಕೆ ಏನು ಹೇಳ್ತೀರಿ?"

ಮಗಳು ಗಂಡನ ಪಕ್ಕದಿಂದ ಸರಿದು ನಿಂತಳು, ತಾಯಿಯ ಪಕ್ಕಕ್ಕೂ ಬರಲಿಲ್ಲ.

ದಂತವೈದ್ಯರ ಹೆಂಡತಿ ಬೈಯಲಿಲ್ಲ. ಮಲಗಿದ್ದ ಪುಟ್ಟಿಯ ಕೂದಲನ್ನೇ ನೋಡುತ್ತಾ ಒಂದೇ ಮಾತು ಕೇಳಿದರು.

"ಮಗು ನೀರಲ್ಲಿ ಚೆನ್ನಾಗಿ ಆಡಿತಾ?"



ಕತ್ತಲಾಗುವ ಮುನ್ನ ಪೊಲೀಸ್ ದೋಣಿ ಬಂತು. ಹತ್ತುವ ಮೊದಲು ಮ್ಯಾನೇಜರು ಕತ್ತರಿ ತಂದು ಅಳಿಯನ ಮಣಿಕಟ್ಟಿನ ಪಟ್ಟಿಯನ್ನು ಕತ್ತರಿಸಿದರು. ಲೈಫ್‌ಗಾರ್ಡ್ ಕೆಂಪು ಬಾವುಟವನ್ನು ಮತ್ತೆ ಏರಿಸಿದ್ದ. ಅದು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಪುಟ್ಟಿಗೆ ಎಚ್ಚರವಾಗಿತ್ತು. ದೂರವಾಗುತ್ತಿದ್ದ ದೋಣಿಯನ್ನು ನೋಡಿದಳು, ಕಂಬದ ತುದಿಯನ್ನು ನೋಡಿದಳು.

"ಅಜ್ಜಿ, ಕೆಂಪಿದ್ರೆ ಸಮುದ್ರಕ್ಕೆ ಹೋಗಬಾರ್ದು ಅಂತ ನೀನೇ ಹೇಳಿದ್ದೆ ಅಲ್ವಾ? ಮತ್ತೆ ಅಪ್ಪನ್ನ ಯಾಕೆ ಕಳಿಸಿದೆ?"