ಊರುಗೋಲಿಲ್ಲದ ಸಂಜೆ

"ಮುಟ್ಟಬೇಡ ನನ್ನ!"

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮಂಡಿ ಹಿಡಿದು ಬಿದ್ದಿದ್ದ ರನೀಟಾ, ಕೋಲ್ಬಿಗೆ ಆಡಿದ ಮೊದಲ ಮಾತು ಅದು. ಅವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಮಿಸಿಸಿಪ್ಪಿಯ ಆ ಪುಟ್ಟ ಊರಿನ ಹೈಸ್ಕೂಲಿನಲ್ಲಿ, ಹುಡುಗಿಯರ ತಂಡ ಪಳಗಲೆಂದು ಅಭ್ಯಾಸದಲ್ಲಿ ಹುಡುಗರನ್ನು ಎದುರಿಗೆ ನಿಲ್ಲಿಸುವುದು ವಾಡಿಕೆ. ಅಂದು ರನೀಟಾ ಅವನನ್ನು ಮತ್ತೆ ಮತ್ತೆ ಏಮಾರಿಸಿ ದಾಟಿ ಹೋಗಿದ್ದಳು. ಕೊನೆಗೆ ಅವನು ಢಿಕ್ಕಿ ಹೊಡೆದ. ಮಂಡಿಯೊಳಗೆ ಏನೋ ಟಪ್ಪೆಂದಿತು. ಹದಿನೆಂಟು ತುಂಬಿದ್ದ ಹುಡುಗಿಯ ಕೊನೆಯ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಅದೊಂದೇ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ರನೀಟಾ ಕಪ್ಪು ಹುಡುಗಿ, ಕೋಲ್ಬಿ ಬಿಳಿ ಹುಡುಗ.

"ಬೇಕಂತಲೇ ಗುದ್ದಿದ್ದಾನೆ" ಅಂದರು ಇವಳ ಕಡೆಯವರು.

"ಆಟದಲ್ಲಿ ಆಗತ್ತಪ್ಪಾ, ಅದಕ್ಕೂ ಬಣ್ಣ ಬಳಿತೀರಲ್ಲ" ಅಂದರು ಅವನ ಕಡೆಯವರು.

ಒಂದೇ ಪೊಟ್ಟಣದ ಕಡಲೆಕಾಯಿಗೆ ಕೈ ಹಾಕುತ್ತಿದ್ದ ತಂಡ ಎರಡು ಹೋಳಾಯಿತು. ಕಪ್ಪು ಹುಡುಗಿಯರ ಅಭ್ಯಾಸ ಒಂದು ಬುಟ್ಟಿಯ ಕೆಳಗೆ, ಬಿಳಿಯರದ್ದು ಇನ್ನೊಂದರ ಕೆಳಗೆ.

ಇವತ್ತು ಸಂಜೆ ಕೊನೆಯ ವರ್ಷದವರ ಬೀಳ್ಕೊಡುಗೆ ಪಂದ್ಯ. ಒಬ್ಬೊಬ್ಬಳೂ ಅಪ್ಪ ಅಮ್ಮನ ತೋಳು ಹಿಡಿದು ಅಂಗಳಕ್ಕೆ ಬರಬೇಕು. ಗಾಯಗೊಂಡವಳಿದ್ದರೆ ಎದುರು ತಂಡ ಅಡ್ಡ ಬರದೆ ನಿಂತು, ಮೊದಲ ಬಾಸ್ಕೆಟ್ಟನ್ನು ಅವಳಿಗೇ ಬಿಡುತ್ತದೆ.

ರನೀಟಾಳ ಆಸೆ ಇಷ್ಟೇ. ಊರುಗೋಲು ಬಿಟ್ಟು ನಡೆದು ಬರಬೇಕು, ಆ ಚೆಂಡನ್ನು ಇಡೀ ತಂಡ ಸೇರಿ ಕೊಡಬೇಕು. ಆದರೆ ತಂಡವೆಲ್ಲಿದೆ? ಅಪ್ಪ ಸಮುದ್ರದ ನಡುವಿನ ಎಣ್ಣೆಬಾವಿಯ ಕೆಲಸದಲ್ಲಿ ಸಿಕ್ಕಿಕೊಂಡಿದ್ದ. ಒಂದು ಕಡೆಗೆ ಅಮ್ಮನ ತೋಳುಂಟು, ಇನ್ನೊಂದು ಕಡೆಗೆ ಯಾರು?

ಮಧ್ಯಾಹ್ನ ಖಾಲಿ ಅಂಗಳದಲ್ಲಿ ಒಬ್ಬಳೇ ಕೂತಿದ್ದಾಗ ಕೋಲ್ಬಿ ಬಂದ.

'ಕಣ್ಣೇಕೆ ಇಷ್ಟು ಕೆಂಪಾಗಿದೆ ಇವನದು... ಇರಲಿ, ನನಗೇನು?'

"ಒಂದ್ ಮಾತು ಹೇಳ್ಬೇಕು" ಅಂದ.

"ಆಕಸ್ಮಿಕ ಅಂತ ತಾನೇ? ಊರೆಲ್ಲ ಹೇಳಾಯ್ತು."

"ಅಲ್ಲ." ಅವನು ಅವಳ ಮಂಡಿಯ ಪಟ್ಟಿಯನ್ನೇ ನೋಡುತ್ತಿದ್ದ. "ನಾನು ನಿಲ್ಲಬಹುದಿತ್ತು ರನೀಟಾ. 'ಕರಿ ಹುಡುಗಿ ಹೆಂಗೆ ಕುಣಿಸ್ತಿದ್ದಾಳಲ್ಲೋ ನಿನ್ನ' ಅಂತ ನಮ್ಮೋರು ನಕ್ಕರು. ಸಿಟ್ಟು ಬಂತು. ಬೀಳಿಸ್ಬೇಕು ಅಂತ ಇರ್ಲಿಲ್ಲ... ಆದ್ರೆ ನಿಲ್ಲಲೂ ಇಲ್ಲ. ಆಕಸ್ಮಿಕ ಅಂತಲೇ ಹೇಳು ಅಂದ್ರು ಅಪ್ಪ."

ಹುಡುಗರ ಮಾನ ಎಷ್ಟು ತೆಳು ನೋಡಿ, ಯಾರೋ ನಕ್ಕರೆ ಹರಿದುಹೋಗುತ್ತದೆ!

"ನನಗ್ಯಾಕೆ ಹೇಳ್ತೀಯ? ಅವರಿಗೆ ಹೇಳೋ ಧೈರ್ಯ ಇದ್ಯಾ? ಹೋಗು ಇಲ್ಲಿಂದ."

ಅವನು ಹೋದ.

ಸಂಜೆ ಅಮ್ಮನ ಜೊತೆ ಅಂಗಳದ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಹುಡುಗಿಯರೆಲ್ಲ ಒಂದೇ ಬುಟ್ಟಿಯ ಕೆಳಗಿದ್ದರು!

"ಕೋಲ್ಬಿ ಬಂದು ಎಲ್ಲರ ಮುಂದೆ ಒಪ್ಕೊಂಡ ಕಣೇ" ಅಂದಳು ಅವಳ ಜೀವದ ಗೆಳತಿ ಶಾಂಡ್ರಾ. "ಅವನ ಕೆಳಗಿನ ಹಲ್ಲು ನಾನು ಉದುರಿಸ್ತೀನಿ."

"ಮೇಲಿಂದು ನನಗೆ ಬಿಡು" ಅಂದಳು ಬಿಳಿ ಹುಡುಗಿ ಮೇಸಿ. ಆಮೇಲೆ ರನೀಟಾಳತ್ತ ತಿರುಗಿದಳು. "ನಿನ್ನ ಮಾತು ಕೇಳ್ದೇನೇ ಅವನ ಪರ ನಿಂತೆ. ತಪ್ಪಾಯ್ತು."

ಗೋಡೆಯ ಪಕ್ಕ ಕೋಲ್ಬಿ ಒಬ್ಬನೇ ನಿಂತಿದ್ದ. ಅವನ ಗೆಳೆಯರು ಮುಖ ತಿರುಗಿಸಿ ಕೂತಿದ್ದರು. ಅವನಪ್ಪ ಎದ್ದೇ ಹೋಗಿದ್ದ.

'ಎಲ್ಲರನ್ನೂ ಕಳ್ಕೊಂಡ... ಆದರೂ ಓಡಿ ಹೋಗಲಿಲ್ಲ.'

ಧ್ವನಿವರ್ಧಕ ಅವಳ ಹೆಸರು ಕೂಗಿತು. ರನೀಟಾ ಊರುಗೋಲುಗಳನ್ನು ಗೋಡೆಗೆ ಒರಗಿಸಿದಳು.

"ಕೋಲ್ಬಿ, ಎಡಗಡೆ ಬಾ."

ಅವನು ರನೀಟಾಳ ಅಮ್ಮನ ಮುಖ ನೋಡಿದ. "ಮ್ಯಾಮ್... ನೀವು ನನ್ನ ಕೊಂದೇಬಿಡ್ತೀರಿ."

"ಅದು ಆಮೇಲೆ ನೋಡೋಣ" ಅಂದರು ಅಮ್ಮ. "ಈಗ ಹುಡುಗೀನ ಗಟ್ಟಿಯಾಗಿ ಹಿಡ್ಕೋ. ಬಿದ್ದಳೋ, ನಿನ್ನ ಕತೆ ಅಷ್ಟೇ."

ಮೂವರೂ ಅಂಗಳಕ್ಕೆ ಕಾಲಿಟ್ಟರು. ಬಿಳಿಯರ ಸಾಲಿನಿಂದ ಯಾರೋ ಛೀ ಅಂದರು. ಆದರೆ ಕೋಲ್ಬಿ ಹೆಜ್ಜೆ ತಪ್ಪಲಿಲ್ಲ.

ಚೆಂಡು ಶಾಂಡ್ರಾಳಿಂದ ಮೇಸಿಗೆ, ಮೇಸಿಯಿಂದ ಒಬ್ಬೊಬ್ಬರ ಕೈಗೂ ಹೋಗಿ ರನೀಟಾಳಿಗೆ ಬಂತು. ಅವಳು ಎಸೆದಳು. ಚೆಂಡು ಬುಟ್ಟಿಯ ಬಳೆಗೆ ತಾಗಿ ಹೊರಗೆ ಸಿಡಿಯಿತು.

ಎದುರು ತಂಡದ ಎತ್ತರದ ಹುಡುಗಿ ಚೆಂಡು ಹೆಕ್ಕಿ ತಂದು ಅವಳ ಕೈಗಿತ್ತಳು. "ನಿಧಾನವಾಗಿ ಹಾಕು, ಅವಸರ ಏನಿಲ್ಲ."

ಈ ಸಲ ಚೆಂಡು ಬಲೆಯೊಳಗೆ ಇಳಿಯಿತು. ರನೀಟಾ ಗಾಯವಾದ ದಿನದಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ತಂಡದ ತೋಳುಗಳ ನಡುವೆ ಅತ್ತು ಮುಗಿಸಿದಳು.

ಪಂದ್ಯ ಶುರುವಾಯಿತು. ರನೀಟಾ ಕೂತಿದ್ದ ಬೆಂಚಿನ ತುದಿಗೆ ಬಂದು ಕೋಲ್ಬಿ ಅವಳ ಊರುಗೋಲುಗಳನ್ನು ಒರಗಿಸಿಟ್ಟ.

"ನಿನ್ನ ಆಟ ನೋಡೋಕೇ ನಾನು ಅಭ್ಯಾಸಕ್ಕೆ ಬರ್ತಿದ್ದಿದ್ದು" ಅಂದ ಮೆಲ್ಲಗೆ. "ಮೊದಲ ದಿನದಿಂದಲೂ ನೀನಂದ್ರೆ ಇಷ್ಟ. ಅದನ್ನ ಹೇಳೋ ಯೋಗ್ಯತೆ ನಾನೇ ಕಳ್ಕೊಂಡೆ. ಕ್ಷಮಿಸ್ತೀಯಾ?"

"ಇಲ್ಲ."

ಅವನು ತಲೆತಗ್ಗಿಸಿ ಹೊರಟ. ರನೀಟಾ ಅವನ ಅಂಗಿಯ ತೋಳು ಹಿಡಿದಳು.

"ಇವತ್ತು ಇಲ್ಲ ಅಂದೆ. ನಾಳೆ ಬಂದು ಮತ್ತೆ ಕೇಳು."

"ನಾಳೆನೂ ಇಲ್ಲ ಅಂದ್ರೆ?"

"ಮಂಡಿ ವಾಸಿಯಾಗೋವರೆಗೂ ದಿನಾ ಬರ್ಬೇಕಾಗತ್ತೆ" ಅಂದಳು, ಹಿಡಿದ ತೋಳನ್ನು ಬಿಡದೆ. "ಈಗ ಕೂತ್ಕೋ. ಆಟ ನೋಡೋಣ."